ಭಾರತವೋ ಬಾಂಗ್ಲಾದೇಶವೋ: ಬದುಕಿನ ಮಟ್ಟವನ್ನು ರಾಯಚೂರು ಸೀಮೆಯಿಂದ ಅಳೆಯುವ ಬಗೆ

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2025ರಲ್ಲಿ ಹೊರತಂದ ಮಾನವ ಅಭಿವೃದ್ಧಿ ವರದಿಯಲ್ಲಿ ಭಾರತದ ಅಂಕ 0.685. ಸ್ಥಾನ 193ರಲ್ಲಿ 130. ಬಾಂಗ್ಲಾದೇಶದ ಅಂಕವೂ 0.685, ಸ್ಥಾನವೂ 130. ಮೂರು ದಶಮಾಂಶದವರೆಗೆ ಸಮ. ಇಷ್ಟನ್ನು ಓದಿ ‘ಎರಡೂ ಒಂದೇ’ ಅಂತ ಪುಸ್ತಕ ಮುಚ್ಚುವವರಿದ್ದಾರೆ. ‘ಬಾಂಗ್ಲಾದವರು ನಮ್ಮನ್ನು ಹಿಂದೆ ಹಾಕಿದರು’ ಎಂದು ಕೂಗುವವರೂ ಇದ್ದಾರೆ. ಇಬ್ಬರ ಕೈಯಲ್ಲೂ ಅಂಕಿ ಇರುತ್ತದೆ. ಆದರೆ ಆ ಅಂಕಿ ಯಾವ ಪ್ರಶ್ನೆಗೆ ಉತ್ತರ ಎನ್ನುವುದನ್ನು ಇಬ್ಬರೂ ನೋಡಿರುವುದಿಲ್ಲ.

ನಮ್ಮ ಕಡೆಯವರಿಗೆ ಈ ಹೋಲಿಕೆ ಬರೀ ಪರೀಕ್ಷೆಯ ಪ್ರಬಂಧವಲ್ಲ. ಸಿಂಧನೂರು ತಾಲ್ಲೂಕಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನೆಲೆಸಿ ಅರ್ಧ ಶತಮಾನವಾಯಿತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬಾಂಗ್ಲಾ ಪೈಪೋಟಿಯ ದೇಶ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಯವರಿಗೆ ಅದು ಅಕ್ಕಿ ಉಣ್ಣುವ ದೊಡ್ಡ ಮಾರುಕಟ್ಟೆ. ಹಾಗಾಗಿ ಯಾವ ಅಳತೆಗೋಲು ಯಾವುದಕ್ಕೆ ಹೊಂದುತ್ತದೆ, ಎಲ್ಲಿ ಲೆಕ್ಕ ತಪ್ಪುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಅಂಕವನ್ನು ಬಿಚ್ಚಿ

ಈ ಅಂಕ ಕೊಡುವ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಮೂರು ಭಾಗ: ಆಯುಷ್ಯ, ಓದು, ಆದಾಯ. ಲೆಕ್ಕ ಕಷ್ಟದ್ದಲ್ಲ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಆಯುಷ್ಯಕ್ಕೆ, ಸರಾಸರಿ ಜೀವಿತಾವಧಿಯಿಂದ 20 ಕಳೆದು 65ರಿಂದ ಭಾಗಿಸಬೇಕು. ಭಾರತದ್ದು 72.0 ವರ್ಷ, ಅಂದರೆ 0.80. ಬಾಂಗ್ಲಾದ್ದು 74.7, ಅಂದರೆ 0.84. ಓದಿಗೆ ಎರಡು ಅಂಕಿ ಬೇಕು. ಈಗ ಶಾಲೆಗೆ ಸೇರುವ ಮಗು ಎಷ್ಟು ವರ್ಷ ಓದಬಹುದು ಎನ್ನುವುದನ್ನು 18ರಿಂದ ಭಾಗಿಸಿ, 25 ದಾಟಿದವರು ಸರಾಸರಿ ಎಷ್ಟು ವರ್ಷ ಓದಿದ್ದಾರೆ ಎನ್ನುವುದನ್ನು 15ರಿಂದ ಭಾಗಿಸಿ, ಎರಡರ ಸರಾಸರಿ ತೆಗೆಯಬೇಕು. ಭಾರತದ್ದು 13.0 ಮತ್ತು 6.9, ಬಾಂಗ್ಲಾದ್ದು 12.3 ಮತ್ತು 6.8. ಉತ್ತರ 0.59 ಮತ್ತು 0.57. ಆದಾಯದ ಭಾಗ ಲಾಗರಿದಮ್ ಮೇಲೆ ನಡೆಯುತ್ತದೆ, ಅಂದರೆ ಆದಾಯ ಏರಿದಂತೆ ಹೆಚ್ಚುವರಿ ಡಾಲರಿನ ತೂಕ ಕಮ್ಮಿಯಾಗುತ್ತದೆ. ಕೊಳ್ಳುವ ಶಕ್ತಿಗೆ (ಆಯಾ ದೇಶದ ಬೆಲೆಗಳಿಗೆ) ಹೊಂದಿಸಿದ ತಲಾ ಆದಾಯ ಭಾರತದಲ್ಲಿ ಸುಮಾರು 9,050 ಡಾಲರ್, ಬಾಂಗ್ಲಾದಲ್ಲಿ 8,500ರ ಆಸುಪಾಸು. ಇವು 0.68 ಮತ್ತು 0.67 ಆಗುತ್ತವೆ. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ ಎರಡೂ ದೇಶ 0.685ಕ್ಕೆ ಬಂದು ನಿಲ್ಲುತ್ತವೆ.

ಬಾಂಗ್ಲಾ ಆಯುಷ್ಯದಲ್ಲಿ ಗಳಿಸಿದ್ದನ್ನು ಓದು, ಆದಾಯಗಳಲ್ಲಿ ಕಳೆದುಕೊಂಡಿದೆ. ಭಾರತದ ಕಥೆ ಇದರ ತಿರುಗುಮುರುಗು. ಹಾಗಾಗಿ ‘ಯಾವ ದೇಶ ಮೇಲು’ ಎಂದು ಕೇಳಿದರೆ ಉಪಯೋಗದ ಉತ್ತರ ಸಿಗುವುದಿಲ್ಲ. ‘ಯಾರಿಗೆ, ಯಾವ ವಯಸ್ಸಿನಲ್ಲಿ’ ಎಂದು ಕೇಳಬೇಕು.

ತಾಯಿ ಮತ್ತು ಕೂಸು

ಹೋಲಿಕೆಗೆ ಎಲ್ಲಕ್ಕಿಂತ ಗಟ್ಟಿ ನೆಲ ಇದು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್) ಐದನೇ ಸುತ್ತು 2019–21ರಲ್ಲಿ ನಡೆಯಿತು. ಬಾಂಗ್ಲಾದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ (ಬಿಡಿಎಚ್‌ಎಸ್) 2022ರಲ್ಲಿ ನಡೆಯಿತು. ಎರಡೂ ಒಂದೇ ಅಂತರರಾಷ್ಟ್ರೀಯ ಮಾದರಿಯ ಪ್ರಶ್ನಾವಳಿಯಿಂದ ಹುಟ್ಟಿದವು, ಪ್ರಶ್ನೆಗಳು ಬಹುತೇಕ ಹೊಂದುತ್ತವೆ.

| ವಿಷಯ | ಬಾಂಗ್ಲಾದೇಶ | ಭಾರತ | ಕರ್ನಾಟಕ |
|---|---|---|---|
| ವಯಸ್ಸಿಗೆ ತಕ್ಕ ಎತ್ತರವಿಲ್ಲದ 5 ವರ್ಷದೊಳಗಿನ ಮಕ್ಕಳು (ಶೇ) | 24 | 35.5 | 35.4 |
| ಆಸ್ಪತ್ರೆಯಲ್ಲಿ ಹೆರಿಗೆ (ಶೇ) | 65 | 88.6 | 97.0 |
| ಸಿಸೇರಿಯನ್ ಹೆರಿಗೆ (ಶೇ) | 45 | 21.5 | 31.5 |
| 20–24ರ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು (ಶೇ) | 50 | 23.3 | 21.3 |
| ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳು | 2.3 | 2.0 | 1.7 |

ಕೊನೆಯ ಕಾಲಂ ನೋಡಿ. ಕರ್ನಾಟಕ ಶ್ರೀಮಂತ ರಾಜ್ಯ, ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ ಇಲ್ಲಿನ ಕುಳ್ಳ ಮಕ್ಕಳ ಪ್ರಮಾಣ ದೇಶದ ಸರಾಸರಿಯಷ್ಟೇ ಇದೆ. ಅತ್ತ ಬಾಂಗ್ಲಾದಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ 18ರ ಒಳಗೇ ಮದುವೆಯಾಗುತ್ತದೆ, ಮೂರರಲ್ಲೊಂದು ಹೆರಿಗೆ ಮನೆಯಲ್ಲೇ ಆಗುತ್ತದೆ. ಆದರೂ ಅಲ್ಲಿನ ಮಕ್ಕಳು ನಮ್ಮವರಿಗಿಂತ ಚೆನ್ನಾಗಿ ಬೆಳೆಯುತ್ತಿದ್ದಾರೆ. ಇದಕ್ಕೆ ಕಾರಣ ಹುಡುಕದೆ ಅಂಕಿ ಮಾತ್ರ ಉರು ಹೊಡೆದರೆ ಪ್ರಯೋಜನವಿಲ್ಲ.

ಒಂದು ಕಾರಣ ಕಕ್ಕಸು. ಬಾಂಗ್ಲಾದಲ್ಲಿ 1990ರಲ್ಲಿ ಮೂರರಲ್ಲೊಂದು ಪಾಲು ಜನ ಬಯಲಿಗೆ ಹೋಗುತ್ತಿದ್ದರು. 2015ರ ಹೊತ್ತಿಗೆ ಅದು ಶೇ 1ರ ಆಸುಪಾಸಿಗೆ ಇಳಿಯಿತು. ಕಟ್ಟಿದ್ದು ಹೆಚ್ಚಾಗಿ ಅಗ್ಗದ ಗುಂಡಿ ಕಕ್ಕಸುಗಳನ್ನೇ, ಆದರೆ ಊರಿಗೆ ಊರೇ ಬಳಸಿತು. ನಮ್ಮ ಎನ್‌ಎಫ್‌ಎಚ್‌ಎಸ್ ಐದನೇ ಸುತ್ತಿನಲ್ಲೂ ದೇಶದ ಶೇ 19ರಷ್ಟು ಮನೆಗಳಿಗೆ ಯಾವ ಕಕ್ಕಸೂ ಇರಲಿಲ್ಲ. ಮಲದಿಂದ ಬರುವ ಸೋಂಕು ಕೂಸಿನ ಕರುಳನ್ನು ಪದೇ ಪದೇ ಕೆಡಿಸಿದರೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಓಣಿಯಲ್ಲಿ ನಾಲ್ಕು ಮನೆಗೆ ಕಕ್ಕಸಿದ್ದು ಆರು ಮನೆಗೆ ಇಲ್ಲದಿದ್ದರೆ ಆ ನಾಲ್ಕು ಮನೆಯ ಕೂಸುಗಳಿಗೂ ರಕ್ಷಣೆ ಇಲ್ಲ.

ಎರಡನೆಯದು ಮನೆ ಬಾಗಿಲಿಗೆ ಹೋದ ಕೆಲಸ. ಬ್ರಾಕ್ ಎಂಬ ಅಲ್ಲಿನ ಸ್ವಯಂಸೇವಾ ಸಂಸ್ಥೆ 1980ರಿಂದ ಹತ್ತು ವರ್ಷ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ವಾಂತಿಭೇದಿಯಾದಾಗ ಕೊಡುವ ನೀರನ್ನು ತಾಯಂದಿರಿಗೆ ಕಲಿಸಿತು: ಮೂರು ಬೆರಳಲ್ಲಿ ಹಿಡಿದ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಜಾಣತನ ಇದ್ದದ್ದು ಸಂಬಳದಲ್ಲಿ. ಕಾರ್ಯಕರ್ತೆ ಎಷ್ಟು ಮನೆಗೆ ಹೋದಳು ಎಂಬುದಕ್ಕಿಂತ, ಆಮೇಲೆ ಬೇರೆಯವರು ಹೋಗಿ ಕೇಳಿದಾಗ ತಾಯಿಗೆ ಎಷ್ಟು ನೆನಪಿತ್ತು ಎಂಬುದರ ಮೇಲೆ ದುಡ್ಡು ಸಿಗುತ್ತಿತ್ತು. ಕುಟುಂಬ ಯೋಜನೆಯ ಕಾರ್ಯಕರ್ತೆಯರೂ ಹೀಗೇ ಮನೆಮನೆಗೆ ಹೋದರು.

ಮೂರನೆಯದು ತಾಯಿಯ ಮೈಯ ರಕ್ತ. ಎನ್‌ಎಫ್‌ಎಚ್‌ಎಸ್ ಐದನೇ ಸುತ್ತಿನ ಪ್ರಕಾರ ಭಾರತದಲ್ಲಿ 15–49ರ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ, ಕರ್ನಾಟಕದಲ್ಲಿ ಶೇ 47.8. ಬಸುರಿಯಾಗುವ ಮೊದಲೇ ಬಡಕಲಾದ ತಾಯಿಯ ಕೂಸಿನ ತೂಕವೂ ಕಮ್ಮಿ. ಆಸ್ಪತ್ರೆ ಹೆರಿಗೆ ತಾಯಿಯ ಜೀವ ಉಳಿಸುತ್ತದೆ ಹೊರತು ಹಿಂದಿನ ಹತ್ತು ವರ್ಷದ ಊಟವನ್ನು ತುಂಬಿಕೊಡುವುದಿಲ್ಲ.

ಇಷ್ಟಕ್ಕೇ ಬಾಂಗ್ಲಾವನ್ನು ಹೊಗಳಿ ಮುಗಿಸುವಂತಿಲ್ಲ. ಅಲ್ಲಿನ ಶೇ 45 ಸಿಸೇರಿಯನ್ ಆರೋಗ್ಯದ ಲಕ್ಷಣವೇನೂ ಅಲ್ಲ, ಖಾಸಗಿ ಕ್ಲಿನಿಕ್ಕುಗಳ ಬಿಲ್ಲಿನ ಲಕ್ಷಣ. ಆಸ್ಪತ್ರೆಗೆ ಹೋದ ನೂರು ಜನರಲ್ಲಿ ಸುಮಾರು 70 ಮಂದಿಗೆ ಕೊಯ್ದಿದ್ದಾರೆ ಎಂದಾಯಿತು. ನಮ್ಮಲ್ಲಿ 108 ಆಂಬುಲೆನ್ಸ್, ಆಶಾ ಕಾರ್ಯಕರ್ತೆ, ಸರ್ಕಾರಿ ಆಸ್ಪತ್ರೆ ಎಂಬ ಸರಪಳಿ ಇದೆ. ಅಲ್ಲಿ ಈ ಕೊಂಡಿಗಳು ಸಡಿಲ, ಆ ಜಾಗವನ್ನು ಕ್ಲಿನಿಕ್ಕುಗಳು ತುಂಬಿವೆ.

ಲೆಕ್ಕ ತಪ್ಪುವುದು ಎಲ್ಲಿ

ಒಂದೇ ಉದಾಹರಣೆ ಸಾಕು: ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಕೂಸುಗಳು, ಸಾವಿರ ಜನನಕ್ಕೆ. ಎನ್‌ಎಫ್‌ಎಚ್‌ಎಸ್ ಪ್ರಕಾರ ಭಾರತದಲ್ಲಿ 35, ಬಿಡಿಎಚ್‌ಎಸ್ ಪ್ರಕಾರ ಬಾಂಗ್ಲಾದಲ್ಲಿ 25. ಬಾಂಗ್ಲಾ ಗೆದ್ದಿತು. ಈಗ ಎರಡೂ ದೇಶಗಳ ಜನನ–ಮರಣ ಮಾದರಿ ನೋಂದಣಿಯ 2023ರ ಅಂಕಿ ತೆಗೆಯಿರಿ: ಭಾರತ 25, ಬಾಂಗ್ಲಾ 27. ಭಾರತ ಗೆದ್ದಿತು.

ಸುಳ್ಳು ಯಾರೂ ಹೇಳಿಲ್ಲ. ಕುಟುಂಬ ಸಮೀಕ್ಷೆ ಹಿಂದಿನ ಐದು ವರ್ಷದಲ್ಲಿ ಹೆತ್ತವರನ್ನು ಕೇಳಿ ಲೆಕ್ಕ ಹಾಕುತ್ತದೆ, ಹಾಗಾಗಿ ಭಾರತದ 35 ಅಸಲಿಗೆ 2015–20ರ ಹೊತ್ತಿನ ಚಿತ್ರ. ಮಾದರಿ ನೋಂದಣಿಯಲ್ಲಿ ಗೊತ್ತುಮಾಡಿದ ಊರು, ವಾರ್ಡುಗಳಲ್ಲಿ ಅದೇ ವರ್ಷ ಆದ ಜನನ, ಮರಣಗಳನ್ನು ಬರೆದುಕೊಳ್ಳುತ್ತಾರೆ. ಒಂದು ದೇಶಕ್ಕೆ ಒಂದು ಮೂಲ, ಇನ್ನೊಂದಕ್ಕೆ ಇನ್ನೊಂದು ಮೂಲ ಹಿಡಿದರೆ ಬೇಕಾದವರನ್ನು ಗೆಲ್ಲಿಸಬಹುದು. ಆದ್ದರಿಂದ ಸಮೀಕ್ಷೆಗೆ ಸಮೀಕ್ಷೆ, ನೋಂದಣಿಗೆ ನೋಂದಣಿ, ವರ್ಷಕ್ಕೆ ವರ್ಷ ಜೋಡಿಸಿ. ಜೀವಿತಾವಧಿಯನ್ನು ಹಾಗೆ ಜೋಡಿಸಿದರೂ, ಎರಡೂ ದೇಶದ ಸ್ವಂತ ಅಂಕಿಗಳಲ್ಲಿ ಬಾಂಗ್ಲಾ (2023ರಲ್ಲಿ 72.3) ಭಾರತಕ್ಕಿಂತ (2019–23ರಲ್ಲಿ 70.3) ಎರಡು ವರ್ಷ ಮುಂದಿದೆ. ಮೂಲ ಬದಲಿಸಿದರೂ ಬದಲಾಗದ ಇಂಥ ಅಂತರವನ್ನು ನಂಬಬಹುದು. ಮೂಲ ಬದಲಾದ ಕೂಡಲೇ ಮಗುಚಿ ಬೀಳುವುದನ್ನು ಚರ್ಚೆಗೆ ತರಬೇಡಿ.

ಹಣಕಾಸು ವರ್ಷವೂ ಬೇರೆ ಬೇರೆ. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಅವರದು ಜುಲೈನಿಂದ ಜೂನ್.

ದುಡ್ಡು: ಡಾಲರಿನಲ್ಲಿ ಅಳೆದರೆ ಆಗುವ ಎಡವಟ್ಟು

2020ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಂದಾಜು ಸುದ್ದಿಯಾಯಿತು: ಆ ವರ್ಷ ಬಾಂಗ್ಲಾದ ತಲಾ ಜಿಡಿಪಿ 1,888 ಡಾಲರ್, ಭಾರತದ್ದು 1,877. ಹನ್ನೊಂದು ಡಾಲರಿನ ಅಂತರಕ್ಕೆ ಟಿವಿಗಳಲ್ಲಿ ಎಷ್ಟು ಗದ್ದಲ! ಅದು ಕೋವಿಡ್‌ನಲ್ಲಿ ಭಾರತದ ಆರ್ಥಿಕತೆ ಕುಸಿದ ವರ್ಷ. ಅತ್ತ ಬಾಂಗ್ಲಾದ ನಾಣ್ಯ ಟಾಕಾವನ್ನು ಡಾಲರಿಗೆ 85ರ ಹತ್ತಿರ ಹಿಡಿದು ನಿಲ್ಲಿಸಿದ್ದರು. 2022ರಿಂದ ಆ ಹಿಡಿತ ಸಡಿಲಿ 2025ಕ್ಕೆ ಡಾಲರಿಗೆ 122 ಟಾಕಾ ಆಯಿತು. 2024ರಲ್ಲಿ ಭಾರತ ಸುಮಾರು 2,700 ಡಾಲರ್, ಬಾಂಗ್ಲಾ ಸುಮಾರು 2,600. ಕೊಳ್ಳುವ ಶಕ್ತಿಗೆ ಹೊಂದಿಸಿದರೆ ಈ ಅಂತರ ಇನ್ನೂ ಹಿಗ್ಗುತ್ತದೆ. ವಿನಿಮಯ ದರ ಹೇಳುವುದು ರಫ್ತು–ಆಮದಿನ ಮಾತು, ಸಂತೆಯ ಮಾತಲ್ಲ.

ದುಡಿಯುವವರ ಲೆಕ್ಕಕ್ಕೆ ಜಿಡಿಪಿ ಬಿಟ್ಟು ಕೂಲಿಗೆ ಬನ್ನಿ. ಬಾಂಗ್ಲಾದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ 2023ರ ಡಿಸೆಂಬರ್‌ನಿಂದ ಕನಿಷ್ಠ ವೇತನ ತಿಂಗಳಿಗೆ 12,500 ಟಾಕಾ. ಟಾಕಾಕ್ಕೆ 70–75 ಪೈಸೆ ಹಿಡಿದರೆ ಹತ್ತಿರಹತ್ತಿರ 9 ಸಾವಿರ ರೂಪಾಯಿ. ಅದರ ಒಳಗನ್ನು ನೋಡಿ: ಮೂಲ ವೇತನ 6,700, ಮನೆ ಬಾಡಿಗೆ 3,350, ಊಟ 1,250, ವೈದ್ಯಕೀಯ 750, ಓಡಾಟ 450. ಓಟಿ ಲೆಕ್ಕ ಮೂಲ ವೇತನದ ಮೇಲೆ ಮಾತ್ರ. 6,700ನ್ನು ತಿಂಗಳ 208 ಗಂಟೆಯಿಂದ ಭಾಗಿಸಿ, ಓಟಿಗೆ ದುಪ್ಪಟ್ಟು ದರವಾದ್ದರಿಂದ ಎರಡರಿಂದ ಗುಣಿಸಿದರೆ ಗಂಟೆಗೆ ಸುಮಾರು 64 ಟಾಕಾ. ಕೈಗೆ ಬರುವ ಒಟ್ಟು ಮೊತ್ತದಲ್ಲಿ ಓಟಿಯ ಪಾಲು ದೊಡ್ಡದು, ಆರ್ಡರ್ ಕಡಿಮೆಯಾದ ತಿಂಗಳು ಮೊದಲು ಹೋಗುವುದೂ ಅದೇ.

ಬಳ್ಳಾರಿಯ ಜೀನ್ಸ್ ಕೆಲಸದ ಜೊತೆ ಇದನ್ನು ನೇರವಾಗಿ ಇಟ್ಟು ನೋಡಬೇಡಿ. ಇಲ್ಲಿ ಬಹುಪಾಲು ಸಣ್ಣ ಘಟಕ, ಪೀಸ್ ಲೆಕ್ಕದ ಕೂಲಿ. ಅಲ್ಲಿ ಸಾವಿರಾರು ಜನರ ಕಾರ್ಖಾನೆ, ತಿಂಗಳ ಸಂಬಳ. ಹೋಲಿಸುವುದಾದರೆ ಹೀಗೆ ಮಾಡಿ: ಇಲ್ಲಿ ಒಬ್ಬರು ದಿನಕ್ಕೆ ಎಷ್ಟು ಪೀಸ್ ಹೊಲಿಯುತ್ತಾರೆ, ಪೀಸಿಗೆ ಎಷ್ಟು, ವರ್ಷದಲ್ಲಿ ನಿಜವಾಗಿ ಎಷ್ಟು ದಿನ ಕೆಲಸ ಸಿಗುತ್ತದೆ ಎಂದು ಬರೆದುಕೊಂಡು ವರ್ಷದ ಮೊತ್ತ ಕಟ್ಟಿ. ಅದನ್ನು 12ರಿಂದ ಭಾಗಿಸಿ. ಕರೆಂಟ್ ಹೋದ ದಿನ, ವಾಷಿಂಗ್‌ಗೆ ನೀರಿಲ್ಲದ ದಿನ, ಮಾಲು ನಿಂತ ದಿನಗಳನ್ನು ಕಳೆಯದೆ ಒಳ್ಳೆಯ ದಿನದ ಕೂಲಿಯನ್ನೇ 26ರಿಂದ ಗುಣಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಪಿಎಫ್, ಇಎಸ್ಐ ಇದೆಯೇ ಎನ್ನುವುದನ್ನು ಬೇರೆ ಕಾಲಂನಲ್ಲಿ ಬರೆಯಿರಿ.

ಆಮೇಲೆ ಅಕ್ಕಿಗೆ ಬದಲಿಸಿ. 2024ರ ಹೊತ್ತಿಗೆ ಢಾಕಾದಲ್ಲಿ ಮೋಟಾ (ದಪ್ಪ) ಅಕ್ಕಿ ಕಿಲೋಗೆ 50 ಟಾಕಾದ ಆಸುಪಾಸು, ಅಂದರೆ ಕನಿಷ್ಠ ವೇತನಕ್ಕೆ ಸುಮಾರು 250 ಕಿಲೋ. ಇದಕ್ಕೆ ಎದುರಾಗಿ ಸೋನಾಮಸೂರಿ ದರ ಹಾಕಿದರೆ ಲೆಕ್ಕ ಕೆಟ್ಟಿತು, ಇಲ್ಲಿಯೂ ದಪ್ಪ ಅಕ್ಕಿಯ ದರವೇ ಬೇಕು. ಬೇಳೆ, ಅಡುಗೆ ಎಣ್ಣೆ, ಮೊಟ್ಟೆ, ಒಂದು ಕೋಣೆಯ ಬಾಡಿಗೆ, ಸಿಲಿಂಡರ್‌ಗಳನ್ನೂ ಹೀಗೇ ಸೇರಿಸಿ. ಇಲ್ಲಿ ಬಿಪಿಎಲ್ ಕುಟುಂಬಕ್ಕೆ ಬರುವ ಪಡಿತರ, ಗೃಹಲಕ್ಷ್ಮಿಯ ತಿಂಗಳ 2,000, ಹೆಂಗಸರ ಉಚಿತ ಬಸ್ ಇವನ್ನು ಆದಾಯಕ್ಕೆ ಕೂಡಿಸಲೇಬೇಕು. ಅಲ್ಲಿ ಇಷ್ಟು ಅಗಲವಾದ ಪಡಿತರ ವ್ಯವಸ್ಥೆ ಇಲ್ಲ. ಬೆಲೆ ಏರಿಕೆಯನ್ನೂ ಮರೆಯಬೇಡಿ: 2024–25ರಲ್ಲಿ ಬಾಂಗ್ಲಾದಲ್ಲಿ ಸರಾಸರಿ ಶೇ 10, ಭಾರತದಲ್ಲಿ ಶೇ 4.6. 2023ರಲ್ಲಿ ನಿಗದಿಯಾದ 12,500 ಎರಡೇ ವರ್ಷದಲ್ಲಿ ಎಷ್ಟು ಸವೆದಿರಬೇಕು ನೋಡಿ.

ಭತ್ತದವರಿಗೆ ಒಂದು ಮಾತು. ಬಾಂಗ್ಲಾದ ಲೆಕ್ಕ ಬಿಘಾ ಮತ್ತು ಮಣದಲ್ಲಿ ಇರುತ್ತದೆ. ಬಿಘಾ ಎಂದರೆ ಎಕರೆಯ ಮೂರನೇ ಒಂದು ಪಾಲು, ಈಗಿನ ಮಣ ಸುಮಾರು 40 ಕಿಲೋ. ‘ಬಿಘಾಕ್ಕೆ 20 ಮಣ’ ಎಂದರೆ ನಮ್ಮ 75 ಕಿಲೋ ಚೀಲದಲ್ಲಿ ಎಕರೆಗೆ 32 ಚೀಲ. ತುಂಗಭದ್ರಾ ಎಡದಂಡೆಯಲ್ಲಿ ನೀರು ಸರಿಯಾಗಿ ಸಿಕ್ಕ ಗದ್ದೆಗೆ ಇದು ದೊಡ್ಡ ಇಳುವರಿಯೇನಲ್ಲ. ಕಾಲುವೆಯ ಕೊನೆ ಭಾಗದವರ ಮಾತು ಬೇರೆ.

ಯಾವ ಊರಿಗೆ ಯಾವ ಊರು

140 ಕೋಟಿಯ ಸರಾಸರಿಯನ್ನು 17 ಕೋಟಿಯ ಸರಾಸರಿಯ ಪಕ್ಕ ಇಡುವುದೇ ಒರಟು ಕೆಲಸ. ಬಾಂಗ್ಲಾದ ವಿಸ್ತೀರ್ಣ 1.47 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ್ದು 1.92 ಲಕ್ಷ. ಹಾಗಾಗಿ ರಾಜ್ಯಕ್ಕೆ ದೇಶ ಜೋಡಿಸುವುದು ಮೇಲು, ಜಿಲ್ಲೆಗೆ ಜಿಲ್ಲೆ ಜೋಡಿಸುವುದು ಇನ್ನೂ ಮೇಲು. ಕರ್ನಾಟಕದ ಸರಾಸರಿಯಲ್ಲಿ ನಮ್ಮ ಸೀಮೆ ಕಾಣುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಕೊಪ್ಪಳ 68.09, ಬಳ್ಳಾರಿ 67.43, ರಾಯಚೂರು 59.56. ರಾಯಚೂರಿನ ಹೆಂಗಸರದ್ದು ಶೇ 50ನ್ನೂ ಮುಟ್ಟಿರಲಿಲ್ಲ. ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿಯ 2002ರ ವರದಿ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ, ಹಿಂದುಳಿದ ಜಿಲ್ಲೆಗಳಿಗಾಗಿ ಕೇಂದ್ರ ಮಾಡಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರು, ಇವೆಲ್ಲ ಹೇಳುವುದು ಅದನ್ನೇ.

ರಾಯಚೂರು, ಕೊಪ್ಪಳಕ್ಕೆ ಸರಿಜೋಡಿ ಢಾಕಾ ಅಲ್ಲ, ಉತ್ತರದ ರಂಗಪುರ ವಿಭಾಗ. ಅಲ್ಲಿ ಆಮನ್ ಎಂಬ ಮಳೆಗಾಲದ ಭತ್ತದ ಕೊಯ್ಲಿಗೆ ಮೊದಲು, ಆಶ್ವಿನ–ಕಾರ್ತಿಕದಲ್ಲಿ, ಕೂಲಿಯೂ ಇಲ್ಲದೆ ಕಾಳೂ ಇಲ್ಲದೆ ಹಸಿವಿನ ಕಾಲ ಬರುತ್ತಿತ್ತು. ಅದನ್ನು ‘ಮೊಂಗಾ’ ಎನ್ನುತ್ತಾರೆ. ದೇವದುರ್ಗ, ಲಿಂಗಸುಗೂರು, ಯಲಬುರ್ಗಾ, ಕುಷ್ಟಗಿಯಿಂದ ಬೆಂಗಳೂರಿಗೆ ಗುಳೆ ಹೋಗುವವರಿಗೆ ಇದನ್ನು ವಿವರಿಸಬೇಕಿಲ್ಲ. 1998ರಲ್ಲಿ ಜಮುನಾ ನದಿಗೆ ಸೇತುವೆ ಬಂದು ಢಾಕಾ ಹತ್ತಿರವಾಯಿತು, ಬೇಗ ಕೊಯ್ಲಿಗೆ ಬರುವ ಭತ್ತದ ತಳಿ ಬಂತು, ಉಡುಪು ಕಾರ್ಖಾನೆಗಳ ಕೆಲಸ ಸಿಕ್ಕಿತು. 2008ರಲ್ಲಿ ಸಂಶೋಧಕರು ಅಲ್ಲಿನ ಬಡ ಕುಟುಂಬಗಳಿಗೆ ಎಂಟೂವರೆ ಡಾಲರಿನಷ್ಟು, ಅಂದರೆ ಬಸ್ ಖರ್ಚಿನಷ್ಟು ಹಣ ಕೊಟ್ಟು ನೋಡಿದರು. ಅಷ್ಟರಿಂದಲೇ ಶೇ 22ರಷ್ಟು ಕುಟುಂಬಗಳು ಹೆಚ್ಚಾಗಿ ಒಬ್ಬರನ್ನು ದುಡಿಯಲು ಕಳಿಸಿದವು, ಊರಲ್ಲಿ ಉಳಿದವರ ಊಟ ಸುಧಾರಿಸಿತು. ಗುಳೆ ಎಂದರೆ ಬರೀ ಸಂಕಟ ಎಂಬ ನಮ್ಮ ಮಾತಿಗೆ ಇದು ಸ್ವಲ್ಪ ತಿದ್ದುಪಡಿ. ಸಂಕಟ ಇರುವುದು ಶಾಲೆ ಬಿಡುವ ಮಕ್ಕಳಲ್ಲಿ, ಗುತ್ತಿಗೆದಾರನ ಮುಂಗಡದಲ್ಲಿ. ರಂಗಪುರದ ಬಡತನ 2016ರಲ್ಲಿ ಶೇ 47 ಇದ್ದದ್ದು 2022ರಲ್ಲಿ ಸುಮಾರು 25 ಎಂದು ಅಲ್ಲಿನ ಅಂಕಿಅಂಶ ಇಲಾಖೆ ಹೇಳುತ್ತದೆ. ನಡುವೆ ಅಳತೆಯ ವಿಧಾನ ಬದಲಾಗಿದೆ, ಪೂರ್ತಿ ಇಳಿಕೆಯನ್ನು ಹಾಗೆಯೇ ನಂಬುವಂತಿಲ್ಲ.

ನಮ್ಮ ಜಿಲ್ಲಾ ಅಂಕಿಗಳಲ್ಲೂ ಗುಂಡಿಗಳಿವೆ. ಎನ್‌ಎಫ್‌ಎಚ್‌ಎಸ್ ಐದನೇ ಸುತ್ತಿನ ಬಳ್ಳಾರಿ ಪುಟದಲ್ಲಿ ಹೊಸಪೇಟೆ ಸೀಮೆಯೂ ಸೇರಿದೆ, ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಬಳ್ಳಾರಿಯ ತಲಾ ಆದಾಯದಲ್ಲಿ ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರು ಸೇರಿವೆ. ರಾಯಚೂರಿನದರಲ್ಲಿ ಶಕ್ತಿನಗರದ ವಿದ್ಯುತ್, ಹಟ್ಟಿಯ ಚಿನ್ನ. ಅವು ಜಿಲ್ಲೆಯಲ್ಲಿ ಹುಟ್ಟಿದ ಮೌಲ್ಯ, ಜಿಲ್ಲೆಯ ಮನೆಗಳಿಗೆ ಬಂದ ದುಡ್ಡಲ್ಲ. ಗುಳೆ ಹೋಗಿ ಬೀಗ ಬಿದ್ದ ಮನೆ ಸಮೀಕ್ಷೆಯಲ್ಲಿ ಬಿಟ್ಟುಹೋಗುತ್ತದೆ, ಬಿಟ್ಟುಹೋಗುವವರು ಬಡವರೇ ಹೆಚ್ಚು. ಜಿಲ್ಲೆಯ ಸಮೀಕ್ಷೆ ನಡೆದ ತಿಂಗಳು ಯಾವುದು ಎಂದು ಮೊದಲು ನೋಡಿ.

ಸರಾಸರಿಯಲ್ಲಿ ಕಾಣದ್ದು

ಕುಡಿಯುವ ನೀರು ‘ಕೊಳವೆಬಾವಿಯಿಂದ’ ಎಂದರೆ ಎರಡೂ ದೇಶದ ಪಟ್ಟಿಯಲ್ಲಿ ಅದು ಸುಧಾರಿತ ಮೂಲ. ಬಾಂಗ್ಲಾದಲ್ಲಿ 1993ರಲ್ಲಿ ಅಂಥ ನೀರಲ್ಲೇ ಆರ್ಸೆನಿಕ್ ಎಂಬ ವಿಷ ಪತ್ತೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಬಾಂಗ್ಲಾದ ಮಿತಿ ಈಗಲೂ 50. ರಾಯಚೂರು, ಕೊಪ್ಪಳದ ಹಲವು ಹಳ್ಳಿಗಳಲ್ಲಿ ಅದರ ಜಾಗದಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆಗೆ ತೊಂದರೆ. ಚಂಡಮಾರುತ ಅವರ ಪಾಲು, ಬರ ನಮ್ಮ ಪಾಲು. 1991ರ ಚಂಡಮಾರುತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತ ಆ ದೇಶ, ಆಶ್ರಯ ಕಟ್ಟಡ ಮತ್ತು ಮುನ್ನೆಚ್ಚರಿಕೆಯಿಂದ 2020ರ ಅಂಫಾನ್‌ನಲ್ಲಿ ಸಾವನ್ನು ಕೆಲವು ಹತ್ತುಗಳಿಗೆ ಇಳಿಸಿತು. ರಾಜಕೀಯದ ಅಲುಗಾಟವನ್ನೂ ಯಾವ ಸೂಚ್ಯಂಕ ಹಿಡಿಯುವುದಿಲ್ಲ. 2024ರ ಆಗಸ್ಟ್ 5ರಂದು ಅಲ್ಲಿನ ಪ್ರಧಾನಿ ದೇಶ ಬಿಟ್ಟರು, ಅದಕ್ಕೆ ಮುಂಚಿನ ವಾರಗಳಲ್ಲಿ ಕರ್ಫ್ಯೂ, ಇಂಟರ್ನೆಟ್ ಬಂದ್ ನಡೆದಿತ್ತು.

ಇದು ನೇರವಾಗಿ ತಟ್ಟುವುದು ಮಕ್ಕಳನ್ನು ಅಲ್ಲಿ ಎಂಬಿಬಿಎಸ್ ಓದಿಸಲು ಯೋಚಿಸುವ ಮನೆಗಳಿಗೆ. 2024ರ ಜುಲೈನಲ್ಲಿ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಓದು ಅರ್ಧಕ್ಕೆ ನಿಲ್ಲಿಸಿ ಬರಬೇಕಾಯಿತು. ಇಂಥವರಿಗೆ ದೇಶದ ಜೀವಿತಾವಧಿ, ಜಿಡಿಪಿ ಯಾವುದೂ ಕೆಲಸಕ್ಕೆ ಬಾರದು. ನೋಡಬೇಕಾದ್ದು ಇಷ್ಟು: ನೀಟ್‌ನಲ್ಲಿ ಅರ್ಹತೆ ಬೇಕೇ ಬೇಕು. 2021ರ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳು, ಇಂಗ್ಲಿಷ್ ಮಾಧ್ಯಮ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇರಬೇಕು, ವಾಪಸು ಬಂದ ಮೇಲೆ ಇಲ್ಲಿನ ಪರವಾನಗಿ ಪರೀಕ್ಷೆ ಪಾಸಾಗಬೇಕು. ಶುಲ್ಕವನ್ನು ಡಾಲರಿನಲ್ಲಿ ಹೇಳಿದರೆ ಐದು ವರ್ಷದಲ್ಲಿ ರೂಪಾಯಿ ಇಳಿಯುವುದನ್ನೂ ಸೇರಿಸಿ, ಮೊದಲ ವರ್ಷದ ದರದ ಮೇಲೆ ಕನಿಷ್ಠ ಶೇ 15 ಹೆಚ್ಚು ಹಿಡಿದು ಸಾಲದ ಅರ್ಜಿ ಬರೆಯಿರಿ.